ಏಳು ಕೆ.ಜಿ.ಯೊಳಗೆ ನಮ್ಮ ರಾಣಿ

ಅಜ್ಜಿ ತೀರಿಕೊಂಡ ಮೂರನೇ ವಾರಕ್ಕೆ ದೆಹಲಿಯಿಂದ ನನ್ನ ಮೊದಲ ಕೆಲಸದ ಆಫರ್ ಲೆಟರ್ ಬಂತು. ಹಾಸನದ ಮನೆಗೆ ಬೀಗ ಹಾಕಬೇಕಿತ್ತು. ಉಳಿದದ್ದು ಒಂದೇ ಪ್ರಶ್ನೆ: ಅಜ್ಜಿಯ ಪಾಮರೇನಿಯನ್ ರಾಣಿ ಎಲ್ಲಿಗೆ?

‘ನಾಯಿಗೆ ಯಾರಾದ್ರೂ ವಿಮಾನದ ಟಿಕೆಟ್ ಮಾಡಿಸ್ತಾರೇನೋ? ಇಲ್ಲೇ ಬಿಡು, ಅಕ್ಕಪಕ್ಕದವರು ಅನ್ನ ಹಾಕ್ತಾರೆ’ ಎಂದರು ಚಿಕ್ಕಪ್ಪ. ಎಂಟು ವರ್ಷ ಅಜ್ಜಿಯ ಮಂಚದ ಪಕ್ಕದಲ್ಲೇ ಮಲಗಿದವಳನ್ನು ಬೀದಿಗೆ ಬಿಡಲು ಮನಸ್ಸಾಗಲಿಲ್ಲ.

ರೈಲಿನಲ್ಲಾದರೆ ಫಸ್ಟ್ ಎಸಿಯ ಕೂಪೆಯನ್ನು ಇಡಿಯಾಗಿ ಬುಕ್ ಮಾಡಬೇಕು. ಇಲ್ಲದಿದ್ದರೆ ಗಾರ್ಡ್ ಬೋಗಿಯ ಪೆಟ್ಟಿಗೆಯೇ ಗತಿ. ವಿಮಾನಗಳಲ್ಲೂ ಎಲ್ಲರೂ ನಾಯಿಯನ್ನು ಹತ್ತಿಸಿಕೊಳ್ಳುವುದಿಲ್ಲ. ಏರ್ ಇಂಡಿಯಾದಲ್ಲಿ ಮೊದಲಿನಿಂದಲೂ ಅವಕಾಶವಿತ್ತು. ಆಕಾಸ ಏರ್ 2022ರ ನವೆಂಬರ್‌ನಲ್ಲಿ ಶುರು ಮಾಡಿತು. ತೂಕದ ಮಿತಿ ಒಂದೊಂದು ಕಡೆ ಒಂದೊಂದು, ಅದೂ ಆಗಾಗ ಬದಲಾಗುತ್ತದೆ. ನಾನು ಹೊರಟ ವಿಮಾನದಲ್ಲಿ ನಾಯಿ, ಚೀಲ ಎರಡೂ ಸೇರಿ 7 ಕೆ.ಜಿ. ದಾಟುವಂತಿರಲಿಲ್ಲ.

ರಾಣಿಯನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತೆ. ಆಮೇಲೆ ಒಬ್ಬನೇ ನಿಂತು ಕಳೆದು ನೋಡಿದೆ. ಅವಳು 6.3 ಕೆ.ಜಿ., ಗಾಳಿಯಾಡುವ ಬಟ್ಟೆ ಚೀಲ 1.1. ಅಂದರೆ 400 ಗ್ರಾಂ ಹೆಚ್ಚು! ಅಜ್ಜಿ ದಿನಾ ತಿನ್ನಿಸಿದ ಮಾರಿ ಬಿಸ್ಕತ್ತಿನ ಪುಣ್ಯ. ಕೆಲಸಕ್ಕೆ ಸೇರಲು ಐದು ವಾರವಿತ್ತು. ಬಿಸ್ಕತ್ತು ಬಂದ್, ಅನ್ನ ಕಡಿಮೆ, ಬೆಳಿಗ್ಗೆ ಸಂಜೆ ಕೆರೆ ಏರಿಯ ಮೇಲೆ ನಡಿಗೆ. ಚೀಲವನ್ನು ಬಾಯಿ ತೆರೆದು ನಡುಮನೆಯಲ್ಲೇ ಇಟ್ಟು, ಒಳಗೆ ಅಜ್ಜಿಯ ಹಳೇ ಹತ್ತಿ ಸೀರೆಯ ತುಂಡು ಹಾಸಿದೆ. ಒಂದು ವಾರ ಬರೀ ಮೂಸಿದವಳು ಆಮೇಲೆ ಅಲ್ಲೇ ಮಲಗತೊಡಗಿದಳು.

ರೇಬೀಸ್ ಲಸಿಕೆಯ ದಾಖಲೆ, ಆರೋಗ್ಯ ಪ್ರಮಾಣಪತ್ರಕ್ಕಾಗಿ ಪಶುವೈದ್ಯರ ಬಳಿ ಹೋದಾಗ ನಿದ್ದೆ ಮಾತ್ರೆ ಕೇಳಿದೆ. ಅವರು ಗದರಿದರು. ವಿಮಾನದೊಳಗಿನ ಗಾಳಿಯ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿದ್ದಷ್ಟೇ ಇರುತ್ತದಂತೆ. ಮಾತ್ರೆಯ ಅಮಲಿನಲ್ಲಿ ಉಸಿರಾಟ ಕುಗ್ಗಿದರೆ ಅಲ್ಲಿ ನೋಡುವವರಾರು? ಪಗ್‌ನಂಥ ಮೊಂಡು ಮೂಗಿನ ನಾಯಿಗಳಿಗಂತೂ ಇನ್ನೂ ಕಷ್ಟವಂತೆ.

ಬೆಂಗಳೂರಿನ ಕೌಂಟರ್‌ನಲ್ಲಿ ತೂಕ 7.1 ತೋರಿಸಿದಾಗ ನನ್ನ ಕೈಕಾಲು ತಣ್ಣಗಾದವು. ‘ಚೀಲದಲ್ಲಿ ಬೇರೆ ಏನಾದ್ರೂ ಇದೆಯಾ ಸರ್?’ ಎಂದು ಸಿಬ್ಬಂದಿ ಕೇಳಿದರು. ಸೀರೆಯ ತುಂಡು ತೆಗೆದು ಕೊರಳಿಗೆ ಸುತ್ತಿಕೊಂಡೆ. 6.9!

ಭದ್ರತಾ ತಪಾಸಣೆಯಲ್ಲಿ ಖಾಲಿ ಚೀಲ ಎಕ್ಸ್-ರೇ ಯಂತ್ರಕ್ಕೆ ಹೋಯಿತು, ರಾಣಿ ನನ್ನ ತೋಳಲ್ಲಿ ಬಂದಳು. ವಿಮಾನದಲ್ಲಿ ಚೀಲ ಮುಂದಿನ ಸೀಟಿನ ಕೆಳಗೆ, ತೆರೆಯುವಂತಿಲ್ಲ. ಮೇಲೇರುವಾಗಿನ ಸದ್ದಿಗೆ ಅವಳು ಕುಂಯ್‌ಗುಟ್ಟಿದಳು. ಸೀರೆಯ ಅಂಚನ್ನು ಚೀಲದ ಜಾಲರಿಗೆ ಒತ್ತಿ ಹಿಡಿದೆ. ಮೂಸಿ ಸುಮ್ಮನಾದಳು.

ದೆಹಲಿಯಲ್ಲಿ ಪಿ.ಜಿ.ಗಳವರು ನಾಯಿ ಬೇಡವೆಂದರು. ತಾರಸಿಯ ಮೇಲೊಂದು ಕೋಣೆ ಸಿಕ್ಕಿತು. ಬಾಡಿಗೆಗೆ ಸಂಬಳದ ಮೂರನೇ ಒಂದು ಪಾಲು ಹೋಗುತ್ತಿತ್ತು. ಆದರೂ ಬೇಸರವಾಗಲಿಲ್ಲ. ಗೊತ್ತಿಲ್ಲದ ಊರಿನಲ್ಲಿ, ಬಾರದ ಭಾಷೆಯಲ್ಲಿ ದಿನವಿಡೀ ತಡವರಿಸಿ ಸಂಜೆ ಬಾಗಿಲು ತೆಗೆದರೆ, ಕನ್ನಡ ಅರ್ಥವಾಗುವ ಜೀವವೊಂದು ನನಗಾಗಿ ಕಾಯುತ್ತಿತ್ತು.