ಮನೋರೋಗ ಚಿಕಿತ್ಸೆ: ವಿಮೆಯ ಹಣ ಯಾರ ಬಿಲ್ಲಿಗೆ?

ತುಮಕೂರು: ತಾಲ್ಲೂಕಿನ ಊರ್ಡಿಗೆರೆಯಂತಹ ಹೋಬಳಿ ಕೇಂದ್ರದಲ್ಲಿ ಯಾರಿಗಾದರೂ ತೀವ್ರ ಖಿನ್ನತೆಯೋ ಸ್ಕಿಜೋಫ್ರೇನಿಯಾವೋ ಕಾಣಿಸಿಕೊಂಡರೆ ಕುಟುಂಬದವರ ಮುಂದೆ ಮೂರು ದಾರಿಗಳಿರುತ್ತವೆ. ತುಮಕೂರಿನ ಜಿಲ್ಲಾ ಆಸ್ಪತ್ರೆ, ನಗರದ ಖಾಸಗಿ ಚಿಕಿತ್ಸಾಲಯ ಅಥವಾ ಬೆಂಗಳೂರಿನ ನಿಮ್ಹಾನ್ಸ್. ಖಾಸಗಿ ದಾರಿ ಹಿಡಿದವರಿಗೆ ಚಿಕಿತ್ಸೆಯ ಜೊತೆಗೇ ಬಿಲ್ಲಿನ ಚಿಂತೆಯೂ ಶುರುವಾಗುತ್ತದೆ. ಆರೋಗ್ಯ ವಿಮೆ ಇದ್ದರೂ ಹಣ ಬರುವುದೆಂಬ ಭರವಸೆಯಿಲ್ಲ. ಚಿಕಿತ್ಸೆ ನೀಡಿದವರು ಯಾರು, ರೋಗಿ ಆಸ್ಪತ್ರೆಗೆ ದಾಖಲಾಗಿದ್ದರೇ ಎಂಬ ಎರಡು ಪ್ರಶ್ನೆಗಳ ಮೇಲೆಯೇ ಬಹುಪಾಲು ನಿರ್ಧಾರ ನಿಂತಿದೆ.

ಕಾನೂನು ಏನು ಹೇಳುತ್ತದೆ?

ಸಂಸತ್ತು 2017ರಲ್ಲಿ ಅಂಗೀಕರಿಸಿದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ದೈಹಿಕ ಕಾಯಿಲೆಗಳಿಗೆ ಇರುವ ಆಧಾರದ ಮೇಲೆಯೇ ಮಾನಸಿಕ ಕಾಯಿಲೆಗಳ ಚಿಕಿತ್ಸೆಗೂ ವಿಮಾ ಸೌಲಭ್ಯ ಕಲ್ಪಿಸಬೇಕೆಂದು ಅದರ 21(4)ನೇ ಕಲಮು ಎಲ್ಲ ವಿಮಾ ಕಂಪನಿಗಳಿಗೆ ವಿಧಿಸುತ್ತದೆ. ಇದನ್ನು ಪಾಲಿಸುವಂತೆ ವಿಮಾ ನಿಯಂತ್ರಣ ಪ್ರಾಧಿಕಾರವು 2018ರ ಆಗಸ್ಟ್ 16ರಂದು ಸುತ್ತೋಲೆ ಹೊರಡಿಸಿತು.

ಆದರೂ ಹಳೆಯ ಷರತ್ತುಗಳನ್ನು ಮುಂದಿಟ್ಟು ಕ್ಲೇಮು ತಿರಸ್ಕರಿಸುವುದು ನಿಲ್ಲಲಿಲ್ಲ. ಇಂತಹದೇ ಪ್ರಕರಣವೊಂದರಲ್ಲಿ ದೆಹಲಿ ಹೈಕೋರ್ಟ್ 2021ರ ಏಪ್ರಿಲ್ 19ರಂದು ಪಾಲಿಸಿದಾರರ ಪರವಾಗಿ ತೀರ್ಪಿತ್ತು, ಕಾಯ್ದೆ ಜಾರಿಗೆ ಬಂದ ಬಳಿಕ ಕಂಪನಿಗಳು ಈ ಹೊಣೆಯಿಂದ ನುಣುಚಿಕೊಳ್ಳುವಂತಿಲ್ಲ ಎಂದು ಸ್ಪಷ್ಟಪಡಿಸಿತು. ಎಲ್ಲ ಪಾಲಿಸಿಗಳೂ 2022ರ ಅಕ್ಟೋಬರ್ 31ರೊಳಗೆ ಮಾನಸಿಕ ಕಾಯಿಲೆಗೆ ರಕ್ಷಣೆ ನೀಡಬೇಕೆಂದು ಪ್ರಾಧಿಕಾರ ಅದೇ ತಿಂಗಳಲ್ಲಿ ಮತ್ತೆ ಸೂಚಿಸಿತು.

ಹೊರರೋಗಿಗೆ ಸಿಗದ ಸಮಾನತೆ

ಕಾಯ್ದೆ ನೀಡಿರುವುದು ಸಮಾನತೆಯನ್ನೇ ಹೊರತು ಹೆಚ್ಚುವರಿ ಸವಲತ್ತನ್ನಲ್ಲ. ಸಾಮಾನ್ಯ ಆರೋಗ್ಯ ವಿಮೆ ಮುಖ್ಯವಾಗಿ ಒಳರೋಗಿಯಾಗಿ ಕನಿಷ್ಠ 24 ಗಂಟೆ ದಾಖಲಾದವರಿಗೆ ಅನ್ವಯಿಸುತ್ತದೆ. ಮಾನಸಿಕ ಕಾಯಿಲೆಗಳಲ್ಲಾದರೋ ಬಹುತೇಕ ಚಿಕಿತ್ಸೆ ನಡೆಯುವುದು ಹೊರರೋಗಿ ವಿಭಾಗದಲ್ಲಿ. ತಿಂಗಳಿಗೊಮ್ಮೆ ವೈದ್ಯರ ಭೇಟಿ, ವರ್ಷಗಟ್ಟಲೆ ಮಾತ್ರೆ, ವಾರಕ್ಕೊಮ್ಮೆ ಸಮಾಲೋಚನೆ, ಇವು ಯಾವುವೂ ಹೊರರೋಗಿ ಸೌಲಭ್ಯವಿಲ್ಲದ ಪಾಲಿಸಿಯ ವ್ಯಾಪ್ತಿಗೆ ಬರುವುದಿಲ್ಲ. ಹೀಗಾಗಿ ಕಾಗದದ ಮೇಲೆ ಸಮಾನತೆ ಇದ್ದರೂ ಖರ್ಚು ಮನೆಯವರ ಜೇಬಿನಿಂದಲೇ ಹೋಗುತ್ತದೆ.

ವಿಮೆ ಕೊಳ್ಳುವ ಮೊದಲೇ ಕಾಯಿಲೆ ಇದ್ದಲ್ಲಿ ಕಾಯುವ ಅವಧಿಯೂ ಅನ್ವಯವಾಗುತ್ತದೆ. 2024ರ ನಿಯಮಗಳ ಪ್ರಕಾರ ಇದು 36 ತಿಂಗಳು ಮೀರುವಂತಿಲ್ಲ. ಕಾಯಿಲೆ ಮುಚ್ಚಿಟ್ಟು ಪಾಲಿಸಿ ಪಡೆದರೆ ಮುಂದೆ ಕ್ಲೇಮು ತಿರಸ್ಕೃತವಾಗಲು ಅದೇ ಕಾರಣವಾದೀತು. ಮದ್ಯ ಹಾಗೂ ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಸ್ಥಿತಿಗಳನ್ನು ಕಾಯ್ದೆಯು ಮಾನಸಿಕ ಕಾಯಿಲೆಯ ವ್ಯಾಖ್ಯೆಯಲ್ಲಿ ಸೇರಿಸಿದ್ದರೂ ವ್ಯಸನಮುಕ್ತಿ ಚಿಕಿತ್ಸೆಯನ್ನು ಹೊರಗಿಡುವ ಷರತ್ತು ಪಾಲಿಸಿಗಳಲ್ಲಿ ಸಾಮಾನ್ಯ. ಇದನ್ನು ಮೊದಲೇ ಓದಿಕೊಳ್ಳುವುದು ಲೇಸು.

ಅರ್ಹರು ಯಾರು?

ನಗರಗಳಲ್ಲಿ ಈಗ 'ಕೌನ್ಸೆಲಿಂಗ್' ಫಲಕಗಳಿಗೆ ಕೊರತೆಯಿಲ್ಲ. ಫಲಕ ಹಾಕಿಕೊಂಡವರೆಲ್ಲರೂ ಕಾಯ್ದೆಯ ದೃಷ್ಟಿಯಲ್ಲಿ ಮಾನಸಿಕ ಆರೋಗ್ಯ ವೃತ್ತಿಪರರಲ್ಲ.

ಮನೋವೈದ್ಯರೆಂದರೆ ಎಂ.ಬಿ.ಬಿ.ಎಸ್. ಬಳಿಕ ಮನೋವೈದ್ಯಶಾಸ್ತ್ರದಲ್ಲಿ ಸ್ನಾತಕೋತ್ತರ ಅರ್ಹತೆ ಪಡೆದು ವೈದ್ಯಕೀಯ ಮಂಡಳಿಯಲ್ಲಿ ನೋಂದಾಯಿತರಾದವರು. ಔಷಧ ಬರೆಯುವ ಅಧಿಕಾರ ಇವರಿಗಿದೆ. ಕ್ಲಿನಿಕಲ್ ಸೈಕಾಲಜಿಸ್ಟ್‌ಗೆ ಕಾಯ್ದೆ ವಿಧಿಸುವುದು ಭಾರತೀಯ ಪುನರ್ವಸತಿ ಮಂಡಳಿ ಮಾನ್ಯ ಮಾಡಿದ ವಿದ್ಯಾರ್ಹತೆಯನ್ನು. ಮನಃಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿಯ ನಂತರ ಮೇಲ್ವಿಚಾರಣೆಯಲ್ಲಿ ಪಡೆದ ತರಬೇತಿಯೂ ಸೇರಿದ ಎರಡು ವರ್ಷಗಳ ಪೂರ್ಣಾವಧಿ ಎಂ.ಫಿಲ್. ಇವುಗಳಲ್ಲೊಂದು. ಇವರು ಪರೀಕ್ಷೆ ಹಾಗೂ ಮನೋಚಿಕಿತ್ಸೆ ನಡೆಸಬಹುದು, ಮಾತ್ರೆ ಬರೆಯುವಂತಿಲ್ಲ. ತಮ್ಮ ವೃತ್ತಿಕ್ಷೇತ್ರ ಒಪ್ಪದ ಔಷಧ ಅಥವಾ ಚಿಕಿತ್ಸೆಯನ್ನು ಸೂಚಿಸಬಾರದೆಂದು 106ನೇ ಕಲಮು ನಿರ್ಬಂಧಿಸಿದೆ. ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು, ಮನೋರೋಗ ಶುಶ್ರೂಷಕರು, ಮನೋವೈದ್ಯಕೀಯ ಸಮಾಜ ಕಾರ್ಯಕರ್ತರ ನೋಂದಣಿ ಪಟ್ಟಿ ಇಡುವುದು ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ಹೊಣೆ. ಇತರ ಮನಃಶಾಸ್ತ್ರಜ್ಞರು ಹಾಗೂ ಸಮಾಲೋಚಕರನ್ನು 2021ರ ಸಹವರ್ತಿ ಆರೋಗ್ಯ ವೃತ್ತಿಗಳ ಕಾಯ್ದೆಯ ವ್ಯಾಪ್ತಿಗೆ ತರಲಾಗಿದೆ.

ವಿಮಾ ಪಾಲಿಸಿಯ ಭಾಷೆ ಇದಕ್ಕಿಂತ ಕಿರಿದು. ಅಲ್ಲಿ 'ವೈದ್ಯ' ಎಂದರೆ ವೈದ್ಯಕೀಯ ಅಥವಾ ಆಯುಷ್ ಮಂಡಳಿಯಲ್ಲಿ ನೋಂದಾಯಿತ ವ್ಯಕ್ತಿ ಮಾತ್ರ. ಆದ್ದರಿಂದ ಸಮಾಲೋಚಕರು ಪ್ರತ್ಯೇಕವಾಗಿ ನೀಡಿದ ರಸೀದಿಗೆ ಹಣ ದೊರೆಯುವುದು ಪಾಲಿಸಿಯಲ್ಲಿ ಸ್ಪಷ್ಟ ಉಲ್ಲೇಖವಿದ್ದರೆ ಮಾತ್ರ. ಆಸ್ಪತ್ರೆಗೂ ಅಳತೆಗೋಲುಂಟು. ಸ್ಥಳೀಯ ಪ್ರಾಧಿಕಾರದಲ್ಲಿ ಕಾನೂನುಬದ್ಧ ನೋಂದಣಿ ಇರಬೇಕು, ಇಲ್ಲವೇ ಹಾಸಿಗೆ, ಶುಶ್ರೂಷಕರು, ವೈದ್ಯರಿಗೆ ಸಂಬಂಧಿಸಿದ ಕನಿಷ್ಠ ಮಾನದಂಡಗಳನ್ನು ಪೂರೈಸಬೇಕು. 10 ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳಲ್ಲಿ 10, ದೊಡ್ಡ ನಗರಗಳಲ್ಲಿ 15 ಹಾಸಿಗೆಗಳು ಅಗತ್ಯ.

ಬಿಲ್ಲೇ ಇಲ್ಲದ ದಾರಿ

ಬಡತನ ರೇಖೆಗಿಂತ ಕೆಳಗಿರುವವರಿಗೆ, ಕೈಯಲ್ಲಿ ಕಾರ್ಡ್ ಇರಲಿ ಬಿಡಲಿ, ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆಗಳಲ್ಲಿ ಚಿಕಿತ್ಸೆ ಸಂಪೂರ್ಣ ಉಚಿತವೆಂದು 18ನೇ ಕಲಮು ಹೇಳುತ್ತದೆ. ಅಗತ್ಯ ಔಷಧಗಳ ಪಟ್ಟಿಯಲ್ಲಿರುವ ಮಾತ್ರೆಗಳನ್ನು ಸಮುದಾಯ ಆರೋಗ್ಯ ಕೇಂದ್ರ ಮತ್ತು ಅದರ ಮೇಲಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಎಲ್ಲ ಮನೋರೋಗಿಗಳಿಗೂ ಉಚಿತವಾಗಿ ಕೊಡಬೇಕು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಈ ಹಕ್ಕು ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಆರಂಭವಾಗುವುದಿಲ್ಲ. ಹಾಗಾಗಿ ಹೋಬಳಿ ಮಟ್ಟದ ರೋಗಿ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಅಲೆಯಬೇಕಾಗುತ್ತದೆ, ಅಲೆದಾಟದ ಬಸ್ಸಿನ ಖರ್ಚಿಗೂ ಕಳೆದುಕೊಂಡ ಕೂಲಿಗೂ ಯಾವ ವಿಮೆಯೂ ಇಲ್ಲ.

ಈ ಅಂತರವನ್ನು ಕಡಿಮೆ ಮಾಡಲೆಂದೇ ರಾಜ್ಯ ಸರ್ಕಾರ 2014ರಲ್ಲಿ 'ಮನೋಚೈತನ್ಯ' ಕಾರ್ಯಕ್ರಮ ಆರಂಭಿಸಿ, ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರ ಸೇವೆ ಒದಗಿಸುವ ವ್ಯವಸ್ಥೆ ಮಾಡಿತು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ (14416) ದಿನದ 24 ಗಂಟೆಯೂ ಉಚಿತವಾಗಿ ಲಭ್ಯ.

ತಿರಸ್ಕಾರವಾದರೆ ಏನು ಮಾಡಬೇಕು?

ದಾಖಲಾಗುವ ಮುನ್ನ ಪಾಲಿಸಿಯ ಮಿತಿ ಹಾಗೂ ಕಾಯುವ ಅವಧಿಯನ್ನು ಕಂಪನಿಯಿಂದ ಲಿಖಿತವಾಗಿ ಪಡೆಯಬೇಕು. ಬಿಡುಗಡೆ ಪತ್ರದಲ್ಲಿ ಕಾಯಿಲೆಯ ಹೆಸರು, ದಾಖಲಾದ ಹಾಗೂ ಬಿಡುಗಡೆಯಾದ ಸಮಯ, ವೈದ್ಯರ ನೋಂದಣಿ ಸಂಖ್ಯೆ ಇರುವುದನ್ನು ಖಚಿತಪಡಿಸಿಕೊಳ್ಳಬೇಕು. ತನ್ನ ಚಿಕಿತ್ಸಾ ದಾಖಲೆ ಪಡೆಯುವುದು ಕಾಯ್ದೆಯ 25ನೇ ಕಲಮಿನಡಿ ರೋಗಿಯ ಹಕ್ಕು.

ಕ್ಲೇಮು ತಿರಸ್ಕರಿಸಿದಲ್ಲಿ ಮೊದಲು ಕಂಪನಿಯ ಕುಂದುಕೊರತೆ ವಿಭಾಗಕ್ಕೆ ಬರೆಯಬೇಕು. ತಿಂಗಳೊಳಗೆ ಉತ್ತರ ಬಾರದಿದ್ದರೆ ಅಥವಾ ಉತ್ತರ ತೃಪ್ತಿಕರವಾಗಿರದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಒಂದು ವರ್ಷದೊಳಗೆ ದೂರು ನೀಡಬಹುದು. ಇದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. 'ಮಾನಸಿಕ ಕಾಯಿಲೆ' ಎಂಬ ಒಂದೇ ಕಾರಣ ನೀಡಿ ಹಣ ನಿರಾಕರಿಸಿದ ಪತ್ರ ಕೈಯಲ್ಲಿದ್ದರೆ, ಕಾನೂನು ದೂರುದಾರರ ಪರವಾಗಿಯೇ ಇದೆ.