ಇಬ್ಬರಿಗೂ ವಿಶ್ರಾಂತಿ ಸಿಗುವ ಕಡಲ ತೀರ ಯಾವುದು?

ಗಲ್ಫ್‌ನಿಂದ ಒಂದು ತಿಂಗಳ ರಜೆಯಲ್ಲಿ ಊರಿಗೆ ಬಂದವರ ದಿನಗಳು ಹೇಗೆ ಕಳೆದುಹೋಗುತ್ತವೆ ಎಂಬುದು ನಿಮಗೆ ಗೊತ್ತೇ ಇದೆ. ಮೊದಲ ವಾರ ನೆಂಟರಿಷ್ಟರ ಭೇಟಿ. ಎರಡನೇ ವಾರ ಒಂದೆರಡು ಮದುವೆ. ಮೂರನೇ ವಾರ ಬ್ಯಾಂಕು, ಮನೆ ರಿಪೇರಿ, ಮಕ್ಕಳ ಶಾಲೆ. ಕೊನೆಯ ವಾರ ಪೆಟ್ಟಿಗೆ ತುಂಬುವ ಗಡಿಬಿಡಿ. ವರ್ಷವಿಡೀ ಫೋನಿನಲ್ಲೇ ಸಂಸಾರ ನಡೆಸಿದ ಗಂಡ-ಹೆಂಡತಿ ಒಂದು ಗಂಟೆ ನೆಮ್ಮದಿಯಿಂದ ಕುಳಿತು ಮಾತನಾಡುವ ಮೊದಲೇ ವಿಮಾನ ಹತ್ತುವ ದಿನ ಬಂದಿರುತ್ತದೆ. ಊರಲ್ಲೇ ಇರುವ ದಂಪತಿಗಳ ಕಥೆಯೂ ಬಹಳ ಬೇರೆಯಲ್ಲ. ಒಬ್ಬರಿಗೆ ಅಂಗಡಿ ಅಥವಾ ಆಫೀಸು, ಇನ್ನೊಬ್ಬರಿಗೆ ಅಡುಗೆಮನೆ. ಇಬ್ಬರೂ ದಣಿದ ಮೇಲೆ ಉಳಿಯುವುದು ನಿದ್ದೆ ಮಾತ್ರ.

ಹೀಗಿರುವಾಗ ಎರಡು ದಿನ ಕಡಲ ತೀರಕ್ಕೆ ಹೋಗಿ ಬರೋಣವೇ ಎಂಬ ಮಾತು ಬಂದರೆ ಅದನ್ನು ದುಂದುವೆಚ್ಚವೆಂದು ತಳ್ಳಿಹಾಕಬೇಡಿ. ಪ್ರವಾದಿಯವರು(ಸ) ಪ್ರಯಾಣವೊಂದರಲ್ಲಿ ಪತ್ನಿ ಆಯಿಶಾ(ರ)ರೊಂದಿಗೆ ಓಟದ ಪಂದ್ಯ ನಡೆಸಿದ್ದನ್ನು ಹದೀಸ್‌ಗಳಲ್ಲಿ ನಾವು ಓದಿದ್ದೇವೆ. ದಂಪತಿಗಳು ಜೊತೆಯಾಗಿ ನಕ್ಕು ನಲಿಯುವುದು ಕಾಲಹರಣವಲ್ಲ, ಸಂಸಾರದ ಆರೋಗ್ಯಕ್ಕೆ ಅದೂ ಬೇಕು.

ಆದರೆ ಹೋದವರೆಲ್ಲ ವಿಶ್ರಾಂತಿ ಪಡೆದು ಬರುವುದಿಲ್ಲ. ರವಿವಾರ ಸಂಜೆ ನಮ್ಮ ಯಾವುದೇ ಪ್ರಸಿದ್ಧ ಬೀಚಿಗೆ ಹೋಗಿ ನೋಡಿ. ಗಂಡಸರು ನೀರಿನಲ್ಲಿ ಆಡುತ್ತಿರುತ್ತಾರೆ. ಹೆಂಗಸರು ಬಿಸಿಲಲ್ಲಿ, ಬುರ್ಖಾದ ಸೆಖೆಯಲ್ಲಿ, ಚಪ್ಪಲಿ, ಫೋನು, ಪರ್ಸು ಕಾಯುತ್ತಾ ಮರಳಿನ ಮೇಲೆ ಕುಳಿತಿರುತ್ತಾರೆ. ಶೌಚಾಲಯ ದೂರ ಇರುತ್ತದೆ, ಇದ್ದರೂ ಒಳಗೆ ಕಾಲಿಡುವಂತಿರುವುದಿಲ್ಲ. ಹಾಗಾಗಿ ಬೆಳಗ್ಗಿನಿಂದ ಅವರು ನೀರನ್ನೇ ಕುಡಿದಿರುವುದಿಲ್ಲ. ಮನೆಗೆ ಮರಳಿದ ಮೇಲೆ ಗಂಡನಿಗೆ ಖುಷಿ, ಹೆಂಡತಿಗೆ ತಲೆನೋವು ಮತ್ತು ಉರಿಮೂತ್ರ. ಇದನ್ನು ಜೋಡಿ ಪ್ರವಾಸ ಎನ್ನುವುದು ಹೇಗೆ?

ಆದ್ದರಿಂದ ಜಾಗ ಆರಿಸುವಾಗ ತೀರದ ಚೆಲುವಿಗಿಂತ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಅಲ್ಲಿ ಇಬ್ಬರಿಗೂ ವಿಶ್ರಾಂತಿ ಸಿಗುತ್ತದೆಯೇ? ಇದಕ್ಕೆ ಉತ್ತರವನ್ನು ಗಂಡ ಒಬ್ಬನೇ ಹೇಳುವಂತಿಲ್ಲ. ಜನರಿಂದ ದೂರವಿರುವ ಜಾಗ ಬೇಕೋ, ಅಂಗಡಿ ಸಾಲುಗಳಿರುವ ಜಾಗ ಬೇಕೋ, ನೀರಿಗಿಳಿಯುವ ಆಸೆ ಇದೆಯೋ, ನೋಡಿದರೆ ಸಾಕೋ ಎಂದು ಹೆಂಡತಿಯನ್ನು ಕೇಳಿ. ಅವಳು "ನೀವು ಹೇಳಿದಲ್ಲಿಗೆ" ಎಂದರೆ ಇನ್ನೊಮ್ಮೆ ಕೇಳಿ.

ಮೊದಲು ನೋಡಬೇಕಾದದ್ದು ಶೌಚಾಲಯ

ಮೂತ್ರವನ್ನು ಗಂಟೆಗಟ್ಟಲೆ ತಡೆದಿಟ್ಟುಕೊಳ್ಳುವುದು, ಅದಕ್ಕಾಗಿಯೇ ನೀರು ಕುಡಿಯದಿರುವುದು ಮೂತ್ರನಾಳದ ಸೋಂಕಿಗೆ ದಾರಿ ಮಾಡಿಕೊಡುತ್ತದೆ. ಹೆಂಗಸರ ಮೂತ್ರನಾಳ ಗಿಡ್ಡವಾಗಿರುವುದರಿಂದ ರೋಗಾಣುಗಳು ಬೇಗನೆ ಮೂತ್ರಕೋಶ ತಲಪುತ್ತವೆ. ಹೊಸದಾಗಿ ಮದುವೆಯಾದವರಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಚೆನ್ನಾಗಿ ನೀರು ಕುಡಿಯುವುದು, ಅವಸರವಾದಾಗ ತಡೆಯದಿರುವುದು, ಸಹವಾಸದ ನಂತರ ಮೂತ್ರ ವಿಸರ್ಜಿಸುವುದು ಸುಲಭದ ಮುನ್ನೆಚ್ಚರಿಕೆಗಳು. ಉರಿ, ಪದೇ ಪದೇ ಹೋಗಬೇಕೆನಿಸುವುದು, ಜ್ವರ, ಬೆನ್ನಿನ ಕೆಳಭಾಗದಲ್ಲಿ ನೋವು ಕಂಡರೆ ನಾಚಿಕೆಯಿಂದ ಸುಮ್ಮನಿರದೆ ವೈದ್ಯರ ಬಳಿ ಹೋಗಿ.

ಒದ್ದೆ ಬಟ್ಟೆಯ ವಿಷಯವೂ ಹೀಗೆಯೇ. ಉಪ್ಪುನೀರಿನಲ್ಲಿ ನೆನೆದ ಉಡುಪಿನಲ್ಲೇ ಸಂಜೆಯವರೆಗೆ ಕುಳಿತರೆ ತೊಡೆಸಂದಿಗಳಲ್ಲಿ ಉರಿ, ತುರಿಕೆ, ಶಿಲೀಂಧ್ರದ ಸೋಂಕು ಬರಬಹುದು. ಹೆಂಗಸರಿಗೆ ಬಟ್ಟೆ ಬದಲಾಯಿಸುವ ಮರೆಯ ಕೋಣೆ, ಸಿಹಿನೀರಿನಲ್ಲಿ ಮೈ ತೊಳೆಯುವ ವ್ಯವಸ್ಥೆ ಇಲ್ಲದ ಕಡೆ ನೀರಿಗಿಳಿಯದಿರುವುದೇ ಲೇಸು.

ಈ ವಿಚಾರದಲ್ಲಿ ನಿಮಗೆ ನೆರವಾಗುವ ಒಂದು ಗುರುತು ಇದೆ: ಬ್ಲೂ ಫ್ಲ್ಯಾಗ್. ಡೆನ್ಮಾರ್ಕ್‌ನಲ್ಲಿ ಕಚೇರಿ ಇರುವ ಪರಿಸರ ಶಿಕ್ಷಣ ಪ್ರತಿಷ್ಠಾನವೊಂದು ಕೊಡುವ ಮಾನ್ಯತೆ ಇದು. ಸ್ನಾನದ ನೀರಿನ ಗುಣಮಟ್ಟ, ಪರಿಸರ ನಿರ್ವಹಣೆ, ಸುರಕ್ಷತೆ, ಸೌಕರ್ಯ ಮುಂತಾಗಿ 33 ಮಾನದಂಡಗಳನ್ನು ನೋಡಿ ಇದನ್ನು ಕೊಡುತ್ತಾರೆ. ಮಲದಿಂದ ಸೇರುವ ಬ್ಯಾಕ್ಟೀರಿಯಾ ನೀರಿನಲ್ಲಿ ಇದೆಯೇ ಎಂದು ಪರೀಕ್ಷಿಸುವುದೂ ಇದರಲ್ಲಿ ಸೇರಿದೆ. 2020ರಲ್ಲಿ ಭಾರತದ ಎಂಟು ತೀರಗಳಿಗೆ ಮೊದಲ ಬಾರಿ ಈ ಮಾನ್ಯತೆ ಸಿಕ್ಕಿದಾಗ ಕರ್ನಾಟಕದ ಎರಡು ತೀರಗಳು ಅದರಲ್ಲಿದ್ದವು. ಇದು ಒಮ್ಮೆ ಸಿಕ್ಕರೆ ಶಾಶ್ವತವಲ್ಲ, ಋತುವಿನಿಂದ ಋತುವಿಗೆ ನವೀಕರಿಸಬೇಕು. ಆದ್ದರಿಂದ ಹೋಗುವ ಮೊದಲು ಈಗಲೂ ಇದೆಯೇ ಎಂದು ವಿಚಾರಿಸಿಕೊಳ್ಳಿ.

ಯಾರಿಗೆ ಯಾವ ತೀರ?

ಪಡುಬಿದ್ರಿ: ಮಂಗಳೂರು-ಉಡುಪಿ ಹೆದ್ದಾರಿಯ ನಡುವೆ, ಉಡುಪಿ ಜಿಲ್ಲೆಯಲ್ಲಿದೆ. ರಾಜ್ಯದ ಆ ಎರಡು ತೀರಗಳಲ್ಲಿ ಇದೊಂದು. ಶೌಚಾಲಯ, ಬಟ್ಟೆ ಬದಲಿಸುವ ಕೋಣೆ, ಲೈಫ್ ಗಾರ್ಡ್ ಇರುವುದರಿಂದ ಮೊದಲ ಬಾರಿ ಹೊರಡುವ ದಂಪತಿಗಳಿಗೆ ಸೂಕ್ತ. ಬಳಿಯಲ್ಲೇ ಕಾಪುವಿನ ದೀಪಸ್ತಂಭವಿದೆ, 1901ರದ್ದು. ಅಲ್ಲಿಯ ಬಂಡೆಗಳ ಮೇಲಿಂದ ಸೂರ್ಯಾಸ್ತ ನೋಡಲು ಚೆನ್ನ, ಆದರೆ ಬಂಡೆಯ ಬುಡದಲ್ಲಿ ನೀರಿಗಿಳಿಯುವುದು ಅಪಾಯ.

ಕಾಸರಕೋಡು: ಎರಡನೆಯದು ಇದು. ಹೊನ್ನಾವರದ ಬಳಿ ಶರಾವತಿ ಕಡಲು ಸೇರುವಲ್ಲಿದೆ. ಗಾಳಿಮರಗಳ ನೆರಳು, ಪಕ್ಕದ ಹಿನ್ನೀರಿನಲ್ಲಿ ಕಾಂಡ್ಲಾ ಗಿಡಗಳ ನಡುವೆ ಮರದ ಹಲಗೆಯ ಕಾಲುದಾರಿ ಇದೆ. ಮಾತನಾಡುತ್ತಾ ನಡೆಯಬೇಕು, ನೀರಿಗಿಳಿಯಲೇಬೇಕೆಂದಿಲ್ಲ ಎನ್ನುವವರಿಗೆ ಹೇಳಿಸಿದಂತಿದೆ. ದಕ್ಷಿಣಕ್ಕೆ ಭಟ್ಕಳ ಹತ್ತಿರ ಇರುವುದರಿಂದ ಹಲಾಲ್ ಊಟಕ್ಕೂ ನಮಾಝ್‌ಗೂ ಚಿಂತೆಯಿಲ್ಲ.

ಮಲ್ಪೆ, ಪಣಂಬೂರು: ಗದ್ದಲ ಇಷ್ಟವಿದ್ದವರಿಗೆ ಸರಿ. ವಿಶ್ರಾಂತಿಯೇ ಬೇಕಾದರೆ ಶನಿವಾರ, ರವಿವಾರ ಬಿಟ್ಟು ವಾರದ ನಡುವೆ ಹೋಗಿ. ರೂಮಿನ ಬಾಡಿಗೆಯೂ ಆಗ ಸಾಮಾನ್ಯವಾಗಿ ಕಡಿಮೆ.

ಮರವಂತೆ, ಸೋಮೇಶ್ವರ: ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ನದಿ, ನಡುವೆ ಹೆದ್ದಾರಿ ಇರುವ ಮರವಂತೆಯ ನೋಟ ಮರೆಯುವಂಥದ್ದಲ್ಲ. ಉಳ್ಳಾಲದ ಬಳಿಯ ಸೋಮೇಶ್ವರದ ಬಂಡೆಗಳೂ ಸುಂದರ. ಎರಡನ್ನೂ ನೋಡಿ ಬನ್ನಿ, ನೀರಿಗೆ ಇಳಿಯಬೇಡಿ.

ಕಾಪ್ಪಾಡ್: ಕೇರಳದ ಕೋಝಿಕ್ಕೋಡ್ ಬಳಿಯ ತೀರ. ವಾಸ್ಕೋ ಡ ಗಾಮ 1498ರಲ್ಲಿ ಬಂದಿಳಿದ ಜಾಗವೆಂದು ಹೆಸರಾಗಿದೆ. ಬ್ಲೂ ಫ್ಲ್ಯಾಗ್ ಪಡೆದ ಮೊದಲ ಎಂಟರಲ್ಲಿ ಇದೂ ಒಂದು. ಮಂಗಳೂರಿನಿಂದ ಕೋಝಿಕ್ಕೋಡಿಗೆ ನೇರ ರೈಲುಗಳಿವೆ. ಮಲಬಾರಿನ ಊಟ ಮತ್ತು ಹತ್ತಿರದಲ್ಲೇ ದೊಡ್ಡ ಆಸ್ಪತ್ರೆಗಳು ಇಲ್ಲಿಯ ಅನುಕೂಲ.

ಲಕ್ಷದ್ವೀಪ: ಕೈಯಲ್ಲಿ ಹಣ, ಐದಾರು ದಿನ ಸಮಯ ಇದ್ದರೆ ಯೋಚಿಸಬಹುದು. ಹವಳದ ದಿಬ್ಬದ ಒಳಗಿನ ನೀರು ಆಳವಿಲ್ಲದೆ ಶಾಂತವಾಗಿರುತ್ತದೆ. ಅಲ್ಲಿಯ ಜನ ಬಹುಪಾಲು ಮುಸ್ಲಿಮರು, ಬಂಗಾರಂ ದ್ವೀಪವೊಂದನ್ನು ಬಿಟ್ಟರೆ ಮದ್ಯಕ್ಕೆ ನಿಷೇಧವಿದೆ. ಮಿನಿಕಾಯ್ ಮತ್ತು ಕದ್ಮತ್‌ನ ತೀರಗಳು 2022ರಲ್ಲಿ ಬ್ಲೂ ಫ್ಲ್ಯಾಗ್ ಪಡೆದವು. ಆದರೆ ಪ್ರವೇಶಕ್ಕೆ ಮುಂಚಿತವಾಗಿ ಪರವಾನಿಗೆ ಬೇಕು. ಹವಾಮಾನ ಕೆಟ್ಟರೆ ಹಡಗು, ವಿಮಾನ ನಿಲ್ಲಬಹುದು. ಹೃದ್ರೋಗ ಇರುವವರು, ತುಂಬು ಗರ್ಭಿಣಿಯರು ದೊಡ್ಡ ಆಸ್ಪತ್ರೆಯಿಂದ ಅಷ್ಟು ದೂರ ಹೋಗುವುದು ತರವಲ್ಲ.

ಯಾವಾಗ ಹೋಗಬೇಕು?

ನಮ್ಮ ಕರಾವಳಿಗೆ ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಮಾರ್ಚ್ ದಾಟಿದರೆ ಸೆಖೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲು ಉಗ್ರ. ಜೂನ್, ಜುಲೈಯಲ್ಲಿ ಯಾಂತ್ರಿಕ ದೋಣಿಗಳೇ ಮೀನುಗಾರಿಕೆಗೆ ಇಳಿಯುವುದಿಲ್ಲ. ಗಲ್ಫ್ ರಜೆ ಮಳೆಗಾಲದಲ್ಲೇ ಸಿಕ್ಕಿದರೆ ಕಡಲು ಕಾಣುವ ರೂಮು ಹಿಡಿದು ಕಿಟಕಿಯಿಂದ ಮಳೆ ನೋಡಿ, ಬಿಸಿ ಚಹಾ ಕುಡಿಯಿರಿ. ಅದೂ ವಿಶ್ರಾಂತಿಯೇ. ಜೋರು ಮಳೆಯಾದ ಮರುದಿನ ಅಳಿವೆಗಳ ಬಳಿ ನೀರಿಗೆ ಇಳಿಯಬೇಡಿ. ಊರಿನ ಚರಂಡಿ ನೀರು ನದಿಯ ಮೂಲಕ ಅಲ್ಲಿಗೇ ಬಂದು ಸೇರುತ್ತದೆ. ಭೇದಿ, ಕಿವಿ ಸೋರುವುದು, ಚರ್ಮದ ತುರಿಕೆ ಅದರ ಫಲ.

ನೀರಿಗಿಳಿಯುವ ಮುನ್ನ

ಕಡಲು ಶಾಂತವಾಗಿ ಕಾಣುವ ತಿಂಗಳಲ್ಲೂ ಮೈಮರೆಯುವಂತಿಲ್ಲ. 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರ್ಡೇಶ್ವರದಲ್ಲಿ ನೀರುಪಾಲಾದರು.

ಇಂತಹ ಅನೇಕ ಸಾವುಗಳಿಗೆ ಕಾರಣ ದಡದಿಂದ ಕಡಲಿನತ್ತ ಎಳೆಯುವ ಸೆಳೆತ. ಅಲೆಗಳು ತಂದು ಹಾಕಿದ ನೀರು ಒಂದು ಕಿರಿದಾದ ಜಾಗದಲ್ಲಿ ಹಿಂದಕ್ಕೆ ಹರಿಯುತ್ತದೆ. ಅಲ್ಲಿ ಅಲೆ ಒಡೆಯುವುದು ಕಡಿಮೆ, ನೊರೆ ಕಡಿಮೆ, ನೀರು ತುಸು ಕಪ್ಪಾಗಿ ಕಾಣುತ್ತದೆ. ಇಲ್ಲೇ ಶಾಂತವಾಗಿದೆ ಎಂದು ಜನ ಅಲ್ಲೇ ಇಳಿಯುತ್ತಾರೆ! ಸಿಕ್ಕಿಬಿದ್ದರೆ ದಡದ ಕಡೆಗೆ ನೇರ ಈಜಿ ಸೋಲಬೇಡಿ. ಮೈ ಸಡಿಲಬಿಟ್ಟು ತೇಲಿ, ಕೈಯೆತ್ತಿ ಕೂಗಿ. ಈಜು ಬಂದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬನ್ನಿ, ಆಮೇಲೆ ದಡಕ್ಕೆ ತಿರುಗಿ. ಜೊತೆಗಿದ್ದವರು ಹಿಂದೆಯೇ ಹಾರಬಾರದು. ಹಗ್ಗ, ಖಾಲಿ ಕ್ಯಾನು, ಚೆಂಡು, ತೇಲುವ ಏನನ್ನಾದರೂ ಎಸೆದು ಲೈಫ್ ಗಾರ್ಡ್‌ಗಳನ್ನು ಕರೆಯಿರಿ, 112ಕ್ಕೆ ಫೋನ್ ಮಾಡಿ. ಕೆಂಪು ಬಾವುಟ ಹಾರುತ್ತಿದ್ದರೆ ಪಾದ ತೊಳೆಯಲೂ ನೀರಿಗೆ ಹೋಗಬೇಡಿ. ಕೆಂಪು-ಹಳದಿ ಬಾವುಟಗಳ ನಡುವಿನ ಜಾಗದಲ್ಲಿ ಕಾವಲು ಇರುತ್ತದೆ.

ಸಹೋದರಿಯರು ಗಮನಿಸಬೇಕಾದ ಇನ್ನೊಂದು ವಿಷಯವಿದೆ. ಸಾಮಾನ್ಯ ಬುರ್ಖಾ, ಹತ್ತಿಯ ಚೂಡಿದಾರ ನೆನೆದರೆ ಭಾರವಾಗುತ್ತದೆ, ಕಾಲಿಗೆ ಸುತ್ತಿಕೊಳ್ಳುತ್ತದೆ. ಈ ಉಡುಪಿನಲ್ಲಿ ಪಾದ ನೆನೆಯುವಷ್ಟು ನೀರಿನಲ್ಲಿ ನಿಲ್ಲಿ, ಮುಂದೆ ಹೋಗಬೇಡಿ. ಹೆಚ್ಚು ನೀರಿಗಿಳಿಯುವ ಆಸೆಯಿದ್ದರೆ ಮೈ ಪೂರ್ತಿ ಮುಚ್ಚುವ, ನೀರು ಹೀರದ ಈಜುಡುಪು ಈಗ ಸಿಗುತ್ತದೆ. ಸ್ಕಾರ್ಫಿನ ಪಿನ್ನುಗಳನ್ನು ತೆಗೆದಿಡಿ.

ಜೆಲ್ಲಿ ಮೀನು ತಾಗಿ ಉರಿಯತೊಡಗಿದರೆ ಉಜ್ಜಬೇಡಿ, ಸಿಹಿನೀರು ಹಾಕಬೇಡಿ, ಕಡಲ ನೀರಿನಲ್ಲೇ ತೊಳೆಯಿರಿ. ಉಸಿರಾಟಕ್ಕೆ ಕಷ್ಟವಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಬಿಸಿಲು, ಔಷಧಿ, ಊಟ

ಬೆಳಗ್ಗೆ 10ರಿಂದ ಸಂಜೆ 4ರವರೆಗೆ ನೆರಳಲ್ಲಿರಿ. ಮುಖ, ಕೈಗಳಿಗೆ ಸನ್‌ಸ್ಕ್ರೀನ್ ಹಚ್ಚುವುದಾದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಬಾಯಾರುವ ಮೊದಲೇ ನೀರು ಅಥವಾ ಎಳನೀರು ಕುಡಿಯಿರಿ. ಚೀಲದಲ್ಲಿ ಓಆರ್‌ಎಸ್ ಪೊಟ್ಟಣ ಇರಲಿ.

ಸಕ್ಕರೆ ಕಾಯಿಲೆ ಇರುವವರು ಮರಳಿನಲ್ಲಿ ಬರಿಗಾಲಲ್ಲಿ ನಡೆಯಬೇಡಿ. ಪಾದದ ಸ್ಪರ್ಶಜ್ಞಾನ ಕಡಿಮೆಯಾಗಿದ್ದರೆ ಕಾದ ಮರಳು ಸುಟ್ಟದ್ದೂ, ಚಿಪ್ಪು ಕೊಯ್ದದ್ದೂ ತಿಳಿಯುವುದಿಲ್ಲ, ಗಾಯ ಹುಣ್ಣಾಗುತ್ತದೆ. ಇನ್ಸುಲಿನ್ ಅನ್ನು ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಡಬೇಡಿ, ಮಂಜುಗಡ್ಡೆಗೆ ತಾಗಿಸಿಯೂ ಇಡಬೇಡಿ. ರಕ್ತದೊತ್ತಡದ ಮಾತ್ರೆಗೆ ಪ್ರವಾಸದ ರಜೆ ಇಲ್ಲ. ಗರ್ಭಿಣಿಯರು ವೈದ್ಯರನ್ನು ಕೇಳಿಯೇ ಹೊರಡಿ. ಅಲೆಯ ಮೇಲೆ ಎತ್ತಿ ಕುಕ್ಕುವ ಸ್ಪೀಡ್ ಬೋಟ್ ಸವಾರಿ ಅವರಿಗೆ ಬೇಡ.

ಮೀನು ಬಿಸಿಬಿಸಿಯಾಗಿ ಕಣ್ಣೆದುರು ಹುರಿದದ್ದಾಗಿರಲಿ. ಗಾಡಿಗಳಲ್ಲಿ ಕತ್ತರಿಸಿಟ್ಟ ಹಣ್ಣು, ಐಸ್ ಹಾಕಿದ ಪಾನೀಯ ಬಿಟ್ಟುಬಿಡಿ.

ರೂಮು ಕಾದಿರಿಸುವಾಗ

ಫೋಟೋ ನೋಡಿ ಹಣ ಕಟ್ಟಬೇಡಿ, ಫೋನ್ ಮಾಡಿ ಕೇಳಿ. ಬಚ್ಚಲಿನಲ್ಲಿ ದಿನವಿಡೀ ನೀರು ಬರುತ್ತದೆಯೇ? ಶೌಚಕ್ಕೆ ನೀರಿನ ಪೈಪು ಇದೆಯೇ? ಮಾಂಸ ಹಲಾಲ್ ಅಂಗಡಿಯದ್ದೇ? ಅಲ್ಲದಿದ್ದರೆ ಮೀನು, ಸಸ್ಯಾಹಾರ ಬೇರೆ ಪಾತ್ರೆಯಲ್ಲಿ ಮಾಡುತ್ತಾರೆಯೇ? ರಾತ್ರಿ ಡಿಜೆ, ಕುಡಿತದ ಗಲಾಟೆ ಇರುತ್ತದೆಯೇ? ಹತ್ತಿರದ ಆಸ್ಪತ್ರೆ ಎಷ್ಟು ದೂರ? ಇಬ್ಬರ ಗುರುತಿನ ಚೀಟಿಯೂ ಜೊತೆಯಲ್ಲಿರಲಿ. ಹೊಸ ದಂಪತಿಗಳ ಚೀಟಿಯಲ್ಲಿ ವಿಳಾಸ ಬೇರೆ ಬೇರೆ ಇರುವುದರಿಂದ ನಿಕಾಹ್ ಪ್ರಮಾಣಪತ್ರದ ಪ್ರತಿಯೂ ಇದ್ದರೆ ಒಳ್ಳೆಯದು. ಅಡುಗೆಮನೆ ಇರುವ ಮನೆ ಬಾಡಿಗೆಗೆ ಸಿಗುತ್ತದೆ ಎಂದು ಹಿಗ್ಗಬೇಡಿ. ಅಲ್ಲಿಯೂ ಅವಳೇ ಒಲೆಯ ಮುಂದೆ ನಿಂತರೆ ಹೊರಟದ್ದು ಯಾಕೆ?

ಮಕ್ಕಳನ್ನು ಎರಡು ದಿನ ಅಜ್ಜಿಯ ಬಳಿ ಬಿಡಬೇಕಾದರೆ ಹಿರಿಯರಿಗೆ ಮುಚ್ಚುಮರೆಯಿಲ್ಲದೆ ಹೇಳಿ. ಈ ಮಾತನ್ನು ಗಂಡ ತನ್ನ ತಾಯಿಯ ಬಳಿ ತಾನೇ ಆಡಬೇಕು, ಸೊಸೆಯ ತಲೆಗೆ ಹಾಕಬಾರದು. ಹೋಗುವ ಮೊದಲು ಮಕ್ಕಳ ಔಷಧಿ, ವೈದ್ಯರ ನಂಬರು ಬರೆದಿಟ್ಟು ಹೋಗಿ. ಹಿಂದಿರುಗಿದ ಮೇಲೆ ಅವರನ್ನೂ ಒಂದು ಸಂಜೆ ಕಡಲ ಬಳಿಗೆ ಕರೆದುಕೊಂಡು ಹೋಗಿ.

ಹಣ ಕಡಿಮೆಯಿದ್ದರೆ ಒಂದೇ ದಿನ ಸಾಕು. ಮಧ್ಯಾಹ್ನ ನೆರಳಲ್ಲಿ ಒಂದು ನಿದ್ದೆ, ಅಸ್ರ್ ಆದ ಮೇಲೆ ಮರಳಿನ ಮೇಲೆ ಒಂದು ನಡಿಗೆ, ಫೋನು ರೂಮಿನಲ್ಲೇ ಇರಲಿ. ಬ್ಯಾಗನ್ನು ಈ ಸಲ ಗಂಡ ಕಾಯಲಿ, ಹೆಂಡತಿ ಮೊದಲು ಹೋಗಿ ಅಲೆಗೆ ಕಾಲೊಡ್ಡಿ ಬರಲಿ.