ಹಳೆಯ ಪೇಟೆಯ ಪುನಶ್ಚೇತನ: ದುರಸ್ತಿಯ ಹೊಣೆ ಯಾರದು?

2012ರ ಆಗಸ್ಟ್ 25ರಂದು ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. ಮಳಿಗೆದಾರರು ನೆಲೆ ಬಿಡಬೇಕಾಯಿತು. 2016ರ ಆಗಸ್ಟ್‌ನಲ್ಲಿ ಸಮೀಪದ ದೇವರಾಜ ಮಾರುಕಟ್ಟೆಯಲ್ಲಿ ಧನ್ವಂತರಿ ರಸ್ತೆಯ ಕಡೆಯ ಹೆಬ್ಬಾಗಿಲು ಉರುಳಿತು. ಎರಡೂ ಮಹಾನಗರ ಪಾಲಿಕೆಯ ಆಸ್ತಿಗಳು. ಕೆಡವಿ ಕಟ್ಟಬೇಕೇ, ಉಳಿಸಿ ದುರಸ್ತಿ ಮಾಡಬೇಕೇ ಎಂಬ ವಾದವು ತಜ್ಞರ ಸಮಿತಿಗಳನ್ನು ದಾಟಿ ಉಚ್ಚ ನ್ಯಾಯಾಲಯದವರೆಗೂ ಹೋಯಿತು.

ಪಾರಂಪರಿಕ ಪೇಟೆಗಳ ಅವನತಿಗೆ ವಾಹನ ದಟ್ಟಣೆ, ಹೊರವಲಯದ ಮಾಲ್‌ಗಳು, ಆನ್‌ಲೈನ್ ವ್ಯಾಪಾರ ಮುಂತಾದ ಕಾರಣಗಳನ್ನು ನಾವು ಹೇಳುತ್ತೇವೆ. ಆದರೆ ಲೆಕ್ಕದ ಪುಸ್ತಕ ತೆರೆದು ನೋಡಿದರೆ ಇನ್ನೊಂದು ಕಾರಣ ಕಾಣುತ್ತದೆ. ದುರಸ್ತಿಯ ವೆಚ್ಚ ಯಾರ ಖಾತೆಗೂ ಸೇರುವುದಿಲ್ಲ.

ತೆರಿಗೆಯ ಲೆಕ್ಕಾಚಾರ

ಖಾಸಗಿ ಮಾಲೀಕರ ಮಳಿಗೆಯನ್ನೇ ತೆಗೆದುಕೊಳ್ಳೋಣ. ಮಾಲೀಕರು ಕಟ್ಟಿದ ಪುರಸಭಾ ತೆರಿಗೆ ಕಳೆದು ವಾರ್ಷಿಕ ಬಾಡಿಗೆ 1,00,000 ರೂಪಾಯಿ ಉಳಿದರೆ, ಗೃಹಸ್ವತ್ತಿನ ಆದಾಯದಡಿ ಶೇಕಡಾ 30ರಂತೆ 30,000 ರೂಪಾಯಿ ವಿನಾಯಿತಿ ದೊರೆಯುತ್ತದೆ. ದುರಸ್ತಿಗೆ ಒಂದು ರೂಪಾಯಿ ವ್ಯಯಿಸದಿದ್ದರೂ ಅಷ್ಟೇ, ಒಂದು ಲಕ್ಷ ವ್ಯಯಿಸಿದರೂ ಅಷ್ಟೇ. ಹೀಗಾಗಿ ಮಾಲೀಕರಿಗೆ ಹೆಂಚು ಬದಲಿಸಲು ತೆರಿಗೆಯ ಪ್ರೋತ್ಸಾಹವಿಲ್ಲ.

ಬಾಡಿಗೆದಾರ ವರ್ತಕರ ಸ್ಥಿತಿ ಬೇರೆ. ದುರಸ್ತಿಯನ್ನು ತಾವೇ ಭರಿಸುವುದಾಗಿ ಒಪ್ಪಿದ್ದಲ್ಲಿ ಆ ವೆಚ್ಚವನ್ನು ವ್ಯಾಪಾರದ ಆದಾಯದಲ್ಲಿ ಕಳೆಯಬಹುದು. ಬಂಡವಾಳ ಸ್ವರೂಪದ ನವೀಕರಣವಾದರೆ ಅದನ್ನು ಒಮ್ಮೆಗೇ ಕಳೆಯಲಾಗದು. ವಾಣಿಜ್ಯ ಕಟ್ಟಡಕ್ಕೆ ಅನ್ವಯವಾಗುವ ಶೇಕಡಾ 10ರ ಸವಕಳಿ ಪಡೆಯಬಹುದು. ಆದರೆ ಬಹುತೇಕ ಹಳೆಯ ಮಳಿಗೆಗಳಲ್ಲಿ ತಂದೆಯ ಕಾಲದ ಬಾಯಿಮಾತೇ ಕರಾರು. ಬರಹವಿಲ್ಲದೆ ಈ ಹಕ್ಕನ್ನು ಸಮರ್ಥಿಸುವುದು ಕಷ್ಟ. 14 ಚದರ ಮೀಟರಿಗಿಂತ ದೊಡ್ಡ ವಾಣಿಜ್ಯ ಮಳಿಗೆಗಳಿಗೆ 1999ರ ಕರ್ನಾಟಕ ಬಾಡಿಗೆ ಅಧಿನಿಯಮ ಅನ್ವಯಿಸದ ಕಾರಣ, ಅಲ್ಲಿ ಲಿಖಿತ ಕರಾರಿನ ಮಹತ್ವ ಮತ್ತಷ್ಟು ಹೆಚ್ಚು.

ಒಂದು ಹೊರನಾಡ ಅನುಭವ

ಅಮೆರಿಕದ ಸಣ್ಣ ಪಟ್ಟಣಗಳೂ ಇದೇ ಸಂಕಟ ಕಂಡಿದ್ದವು. 1977ರಲ್ಲಿ ಅಲ್ಲಿನ ಪರಂಪರೆ ಸಂರಕ್ಷಣಾ ಟ್ರಸ್ಟ್ ಗೇಲ್ಸ್‌ಬರ್ಗ್, ಮ್ಯಾಡಿಸನ್ ಮತ್ತು ಹಾಟ್ ಸ್ಪ್ರಿಂಗ್ಸ್ ಎಂಬ ಮೂರು ಊರುಗಳಲ್ಲಿ 'ಮೇನ್ ಸ್ಟ್ರೀಟ್' ಪ್ರಯೋಗ ಆರಂಭಿಸಿತು. ಪ್ರತಿ ಊರಿಗೂ ಒಬ್ಬ ಪೂರ್ಣಾವಧಿ ವ್ಯವಸ್ಥಾಪಕರಿದ್ದರು. ಸಂಘಟನೆ, ಪ್ರಚಾರ, ವಿನ್ಯಾಸ, ಆರ್ಥಿಕ ಪುನರ್ರಚನೆ ಎಂಬ ನಾಲ್ಕು ಸೂತ್ರಗಳು ಅದರಿಂದ ರೂಪುಗೊಂಡವು. ಜೊತೆಗೆ, ಅಲ್ಲಿ ಮಾನ್ಯತೆ ಪಡೆದ ಐತಿಹಾಸಿಕ ವಾಣಿಜ್ಯ ಕಟ್ಟಡದ ಅರ್ಹ ಪುನರುಜ್ಜೀವನ ವೆಚ್ಚದ ಶೇಕಡಾ 20ರಷ್ಟನ್ನು ತೆರಿಗೆಯಲ್ಲೇ ಕಳೆಯಲು ಅವಕಾಶವಿದೆ. ದುರಸ್ತಿ ಮಾಡಿದವರಿಗೇ ಲಾಭ ಸಿಗುವಂತೆ ಮಾಡಿರುವುದು ಗಮನಾರ್ಹ.

ನಾವು ಮಾಡಬಹುದಾದದ್ದು

ಕಾನೂನು ಬದಲಾಗುವವರೆಗೆ ಕಾಯಬೇಕಿಲ್ಲ.

1. ಛಾವಣಿ, ಗೋಡೆ, ವಿದ್ಯುತ್ ತಂತಿ, ಚರಂಡಿ ಇವುಗಳ ಹೊಣೆ ಯಾರದೆಂದು ಮಾಲೀಕ ಮತ್ತು ಬಾಡಿಗೆದಾರರು ಕರಾರಿನಲ್ಲಿ ಸ್ಪಷ್ಟವಾಗಿ ಬರೆಯಬೇಕು.

2. ಬೀದಿಯ ವರ್ತಕರ ಸಂಘ ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿ ದುರಸ್ತಿ ನಿಧಿ ಇಡಬೇಕು. 60 ಮಳಿಗೆಗಳು ತಿಂಗಳಿಗೆ ತಲಾ 500 ರೂಪಾಯಿ ಕೊಟ್ಟರೆ ವರ್ಷಕ್ಕೆ 3,60,000 ರೂಪಾಯಿ ಸೇರುತ್ತದೆ. ಲೆಕ್ಕಪರಿಶೋಧನೆಯ ವರದಿ ಎಲ್ಲ ಸದಸ್ಯರಿಗೂ ತಲುಪಬೇಕು.

3. ಪ್ರತಿವರ್ಷ ಮುಂಗಾರಿಗೆ ಮೊದಲು ಅರ್ಹ ಎಂಜಿನಿಯರ್‌ರಿಂದ ತಪಾಸಣೆ ಮಾಡಿಸಬೇಕು. ಕಟ್ಟಡ ಪಾಲಿಕೆಯದಾಗಿದ್ದರೆ ಆ ವರದಿಯನ್ನು ಲಿಖಿತವಾಗಿ ಸಲ್ಲಿಸಿ ಸ್ವೀಕೃತಿ ಪಡೆಯಬೇಕು.

ಬಣ್ಣದ ದೀಪ, ಕಲ್ಲುಹಾಸು, ಪ್ರವಾಸಿ ಫಲಕಗಳ ಮಾತು ಇವೆಲ್ಲದರ ನಂತರದ್ದು. ಛಾವಣಿ ಭದ್ರವಾಗಿದ್ದರೆ ಮಾತ್ರ ಗ್ರಾಹಕರು ನಿಶ್ಚಿಂತೆಯಿಂದ ಒಳಗೆ ಬಂದಾರು. ವರ್ತಕ ಬಾಂಧವರು ಮುಂದಿನ ಮಳೆಗಾಲಕ್ಕೆ ಮೊದಲೇ ತಮ್ಮ ಕರಾರು ಪತ್ರವನ್ನೊಮ್ಮೆ ತೆರೆದು ಓದುವುದು ಒಳಿತು.